ಜಮೀನಿನಲ್ಲಿ ಕಟ್ಟಡ ಕಾಮಗಾರಿ: ಅನುಮತಿ ಯಾವಾಗ ಅಗತ್ಯ? (ಕೈವಾರ ಹೋಬಳಿ ಮತ್ತು ಚಿಂತಾಮಣಿ ತಾಲ್ಲೂಕಿನ ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

ಸ್ವಂತ ಜಮೀನಿನಲ್ಲಿ ಮನೆ, ಅಂಗಡಿ, ಕೊಟ್ಟಿಗೆ ಅಥವಾ ಶೆಡ್ ನಿರ್ಮಿಸಲು ಯಾರ ಅನುಮತಿಯೂ ಬೇಕಾಗಿಲ್ಲವೆಂಬ ಭಾವನೆ ಗ್ರಾಮೀಣ ಪ್ರದೇಶಗಳಲ್ಲಿ ಸಾಮಾನ್ಯವಾಗಿದೆ. ಪಹಣಿಯಲ್ಲಿ ಹೆಸರಿದೆ, ಕ್ರಯಪತ್ರ ನೋಂದಣಿಯಾಗಿದೆ, ಕಂದಾಯ ಪಾವತಿಯಾಗಿದೆ. ಇನ್ನು ಕಟ್ಟಲು ಅಡ್ಡಿಯೇನು ಎಂದು ಕೇಳುವವರು ಅನೇಕರು. ಈ ದಾಖಲೆಗಳು ಜಮೀನು ಯಾರದೆಂಬುದನ್ನು ತೋರಿಸುತ್ತವೆ. ಆ ಜಮೀನಿನಲ್ಲಿ ಏನನ್ನು ಕಟ್ಟಬಹುದು ಎಂಬುದನ್ನು ಇವು ನಿರ್ಧರಿಸುವುದಿಲ್ಲ. ಒಡೆತನದ ಹಕ್ಕು ಮತ್ತು ನಿರ್ಮಾಣದ ಅನುಮತಿ ಕಾನೂನಿನ ದೃಷ್ಟಿಯಲ್ಲಿ ಎರಡು ಬೇರೆ ಬೇರೆ ವಿಷಯಗಳಾಗಿವೆ.

ಚಿಕ್ಕಬಳ್ಳಾಪುರ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿನ ಕೈವಾರ ಹೋಬಳಿಯಲ್ಲಿ ಈ ವ್ಯತ್ಯಾಸಕ್ಕೆ ವಿಶೇಷ ಮಹತ್ವವಿದೆ. ತಾತಯ್ಯನವರೆಂದು ಪ್ರಸಿದ್ಧರಾದ ಯೋಗಿ ನಾರೇಯಣರ ಮಠ ಹಾಗೂ ಅಮರನಾರಾಯಣಸ್ವಾಮಿ ದೇವಾಲಯಗಳಿಗೆ ಬರುವ ಭಕ್ತಾದಿಗಳಿಗಾಗಿ ಅಂಗಡಿ, ಹೋಟೆಲು ಹಾಗೂ ವಸತಿ ಕೊಠಡಿಗಳು ಬೇಕಾಗುತ್ತವೆ. ಸುತ್ತಲಿನ ಹಳ್ಳಿಗಳ ರೈತರಿಗೆ ರೇಷ್ಮೆ ಹುಳು ಸಾಕಾಣಿಕೆ ಮನೆ, ಟೊಮೆಟೊ ದಾಸ್ತಾನು ಶೆಡ್ ಮತ್ತು ದನದ ಕೊಟ್ಟಿಗೆಗಳ ಅಗತ್ಯವಿದೆ. ಇದಲ್ಲದೆ, ಕರ್ನಾಟಕ ಭೂ ಸುಧಾರಣಾ ಅಧಿನಿಯಮ, 1961ರ ಕಲಂ 79-ಎ ಮತ್ತು 79-ಬಿಗಳನ್ನು 2020ರ ತಿದ್ದುಪಡಿಯ ಮೂಲಕ ಕೈಬಿಟ್ಟ ನಂತರ ಕೃಷಿಕರಲ್ಲದವರೂ ಕೃಷಿ ಜಮೀನನ್ನು ಖರೀದಿಸಲು ಅವಕಾಶವಾಗಿದೆ. ಖರೀದಿಗೆ ದೊರೆತ ಈ ಅವಕಾಶವನ್ನು ಕಟ್ಟಡ ನಿರ್ಮಾಣಕ್ಕೆ ದೊರೆತ ಅವಕಾಶವೆಂದು ಭಾವಿಸಬಾರದು. ಸಾರ್ವಜನಿಕರು ಕಷ್ಟಪಟ್ಟು ಕೂಡಿಟ್ಟ ಹಣವನ್ನು ತೊಡಗಿಸುವ ಮೊದಲು ತಿಳಿದಿರಬೇಕಾದ ಮುಖ್ಯ ಅಂಶಗಳನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಮೂರು ಪ್ರಶ್ನೆಗಳು

ಯಾವುದೇ ಕಟ್ಟಡ ಕಾಮಗಾರಿಯನ್ನು ಆರಂಭಿಸುವ ಮುನ್ನ ಜಮೀನಿನ ಮಾಲೀಕರು ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು.

1. ಜಮೀನು ಕೃಷಿ ಜಮೀನೇ ಅಥವಾ ಕೃಷಿಯೇತರ ಜಮೀನೇ? ಇದು ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ಕ್ಕೆ ಸಂಬಂಧಿಸಿದ್ದು. ಅನುಮತಿ ನೀಡುವ ಅಧಿಕಾರ ಜಿಲ್ಲಾಧಿಕಾರಿಗಳದು.

2. ಜಮೀನು ಸ್ಥಳೀಯ ಯೋಜನಾ ಪ್ರದೇಶದೊಳಗೆ ಇದೆಯೇ? ಇದು ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961ಕ್ಕೆ ಸಂಬಂಧಿಸಿದ್ದು. ಅನುಮತಿ ನೀಡುವ ಅಧಿಕಾರ ಯೋಜನಾ ಪ್ರಾಧಿಕಾರದ್ದು.

3. ಜಮೀನು ಯಾವ ಸ್ಥಳೀಯ ಸಂಸ್ಥೆಯ ವ್ಯಾಪ್ತಿಯಲ್ಲಿದೆ? ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993 ಅನ್ವಯಿಸುತ್ತದೆ. ಚಿಂತಾಮಣಿ ನಗರಸಭೆಯಂತಹ ಸಂಸ್ಥೆಗಳ ವ್ಯಾಪ್ತಿಯಲ್ಲಿ ಕರ್ನಾಟಕ ಪೌರಸಭೆಗಳ ಅಧಿನಿಯಮ, 1964 ಅನ್ವಯಿಸುತ್ತದೆ. ಕಟ್ಟಡ ಪರವಾನಗಿ ನೀಡುವುದು ಆಯಾ ಸ್ಥಳೀಯ ಸಂಸ್ಥೆ.

ಈ ಮೂರು ಅನುಮತಿಗಳಲ್ಲಿ ಒಂದು ಮತ್ತೊಂದಕ್ಕೆ ಬದಲಿಯಾಗುವುದಿಲ್ಲ. ಭೂ ಪರಿವರ್ತನೆಯ ಆದೇಶ ಕೈಯಲ್ಲಿದ್ದರೂ ಕಟ್ಟಡ ಪರವಾನಗಿ ಪಡೆಯಬೇಕು. ಪಂಚಾಯಿತಿಯ ಪರವಾನಗಿ ಇದ್ದ ಮಾತ್ರಕ್ಕೆ ಕೃಷಿ ಜಮೀನು ಕೃಷಿಯೇತರವಾಗುವುದಿಲ್ಲ. ಎಲ್ಲ ಕಾಮಗಾರಿಗಳಿಗೂ ಮೂರೂ ಅನುಮತಿಗಳು ಬೇಕಾಗುತ್ತವೆಂದು ಇದರ ಅರ್ಥವಲ್ಲ. ಆದರೆ ಮೂರೂ ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಎಲ್ಲ ಸಂದರ್ಭಗಳಲ್ಲಿಯೂ ಅಗತ್ಯ.

ಮೊದಲ ಪ್ರಶ್ನೆ: ಜಮೀನಿನ ಸ್ವರೂಪ

ಊರಿನ ಹಳೆಯ ವಸತಿ ಪ್ರದೇಶವಾದ ಗ್ರಾಮಠಾಣಾದೊಳಗಿನ ನಿವೇಶನಗಳು ವಾಸಕ್ಕೆಂದೇ ಮೀಸಲಾದ ಜಾಗಗಳು. ಅಲ್ಲಿ ಮನೆ ಕಟ್ಟುವವರಿಗೆ ಭೂ ಪರಿವರ್ತನೆಯ ಪ್ರಶ್ನೆ ಉದ್ಭವಿಸುವುದಿಲ್ಲ. ಗ್ರಾಮಠಾಣಾದ ಹೊರಗೆ, ಸರ್ವೆ ನಂಬರು ಮತ್ತು ಪಹಣಿ ಹೊಂದಿರುವ ಜಮೀನನ್ನು ಕೃಷಿ ಜಮೀನೆಂದೇ ಪರಿಗಣಿಸಿ ಮುಂದುವರಿಯಬೇಕು. ಅಂತಹ ಜಮೀನನ್ನು ಅಥವಾ ಅದರ ಯಾವುದೇ ಭಾಗವನ್ನು ಕೃಷಿಯೇತರ ಉದ್ದೇಶಕ್ಕೆ ಬಳಸಲು ಭೂ ಕಂದಾಯ ಅಧಿನಿಯಮದ ಕಲಂ 95ರ ಅಡಿಯಲ್ಲಿ ಜಿಲ್ಲಾಧಿಕಾರಿಗಳ ಪೂರ್ವಾನುಮತಿ ಪಡೆಯತಕ್ಕದ್ದು. ಇದನ್ನೇ ಭೂ ಪರಿವರ್ತನೆ ಅಥವಾ ರೂಢಿಯಲ್ಲಿ ಕನ್ವರ್ಷನ್ ಎನ್ನಲಾಗುತ್ತದೆ.

ಆದರೆ ಬೇಸಾಯಕ್ಕೆ ಬೇಕಾದ ಕಟ್ಟಡಗಳಿಗೆ ಇದೇ ಕಲಂ ರಿಯಾಯಿತಿ ನೀಡಿದೆ. ಕೃಷಿ ಜಮೀನಿನ ಅನುಭೋಗದಾರರು ಬೇಸಾಯದ ಸುಧಾರಣೆಗಾಗಿ ಅಥವಾ ಜಮೀನಿನ ಅನುಕೂಲಕರ ಬಳಕೆಗಾಗಿ ಕೃಷಿ ಕಟ್ಟಡಗಳನ್ನು ನಿರ್ಮಿಸಲು, ಬಾವಿ ಅಥವಾ ತೊಟ್ಟಿಗಳನ್ನು ಕಟ್ಟಿಸಲು ಹಕ್ಕುಳ್ಳವರಾಗಿರುತ್ತಾರೆ. ಇದಕ್ಕೆ ಭೂ ಪರಿವರ್ತನೆ ಬೇಕಾಗಿಲ್ಲ. ಪಂಪ್ ಮನೆ, ಗೊಬ್ಬರ ಮತ್ತು ಉಪಕರಣಗಳನ್ನಿಡುವ ಕೋಣೆ, ಸ್ವಂತ ದನಗಳ ಕೊಟ್ಟಿಗೆ ಇವು ಇಂತಹ ಕಟ್ಟಡಗಳಿಗೆ ಉದಾಹರಣೆಗಳು.

ತೋಟದ ಮನೆಯ ಮಿತಿ

ಜಮೀನಿನಲ್ಲಿಯೇ ವಾಸಿಸಲು ಕಟ್ಟುವ ತೋಟದ ಮನೆಗೂ ಈ ರಿಯಾಯಿತಿ ಇದೆ. ಇದರ ಷರತ್ತುಗಳು ಇಂತಿವೆ.

ಮೊದಲನೆಯದಾಗಿ, ತೋಟದ ಮನೆಯ ವಿಸ್ತೀರ್ಣ ಹಿಡುವಳಿಯ ಶೇಕಡಾ 10ನ್ನು ಮೀರಬಾರದು. ಜೊತೆಗೆ ನಿಯಮಗಳಲ್ಲಿ ನಿಗದಿಪಡಿಸಿದ ಗರಿಷ್ಠ ವಿಸ್ತೀರ್ಣವನ್ನೂ ಮೀರುವಂತಿಲ್ಲ. 2 ಎಕರೆ ಎಂದರೆ 80 ಗುಂಟೆ. ಅದರ ಶೇಕಡಾ 10 ಎಂದರೆ 8 ಗುಂಟೆ. 20 ಗುಂಟೆ ಹಿಡುವಳಿಗೆ ಈ ಮಿತಿ 2 ಗುಂಟೆ, ಅಂದರೆ 2,178 ಚದರ ಅಡಿ. ಎರಡು ಮಿತಿಗಳ ಪೈಕಿ ಯಾವುದು ಕಡಿಮೆಯೋ ಅದೇ ಅನ್ವಯಿಸುತ್ತದೆ.

ಎರಡನೆಯದಾಗಿ, ಮನೆ ಕೃಷಿಕರ ಸ್ವಂತ ಉಪಯೋಗಕ್ಕೆ ಮಾತ್ರ ಇರಬೇಕು. ಅದನ್ನು ವಾಣಿಜ್ಯ ಚಟುವಟಿಕೆಗಾಗಿ ಯಾವುದೇ ವ್ಯಕ್ತಿಗೆ ಅಥವಾ ಸಂಸ್ಥೆಗೆ ಬಾಡಿಗೆಗೆ ನೀಡುವಂತಿಲ್ಲ. ತೋಟದ ಮನೆಯೆಂದು ಕಟ್ಟಿ, ನಂತರ ರೆಸಾರ್ಟ್ ಅಥವಾ ವಾರಾಂತ್ಯದ ಅತಿಥಿಗೃಹವಾಗಿ ನಡೆಸುವುದು ಈ ಷರತ್ತಿನ ಉಲ್ಲಂಘನೆಯಾಗುತ್ತದೆ.

ಮೂರನೆಯದಾಗಿ, ಈ ರಿಯಾಯಿತಿ ಭೂ ಪರಿವರ್ತನೆಗೆ ಮಾತ್ರ ಸಂಬಂಧಿಸಿದ್ದು. ಉಳಿದ ಎರಡು ಪ್ರಶ್ನೆಗಳು ಹಾಗೆಯೇ ಉಳಿಯುತ್ತವೆ. ತೋಟದ ಮನೆ ಕಟ್ಟುವವರೂ ಪಂಚಾಯಿತಿಯನ್ನು ಸಂಪರ್ಕಿಸಿ ಪರವಾನಗಿಯ ವಿಷಯವನ್ನು ಇತ್ಯರ್ಥಪಡಿಸಿಕೊಳ್ಳತಕ್ಕದ್ದು.

ಎರಡನೇ ಪ್ರಶ್ನೆ: ಯೋಜನಾ ಪ್ರದೇಶ

ಪಟ್ಟಣಗಳ ಬೆಳವಣಿಗೆಯನ್ನು ಕ್ರಮಬದ್ಧಗೊಳಿಸಲು ಸರ್ಕಾರವು ಪಟ್ಟಣ ಮತ್ತು ಅದರ ಸುತ್ತಲಿನ ಕೆಲವು ಗ್ರಾಮಗಳನ್ನು ಸೇರಿಸಿ ಸ್ಥಳೀಯ ಯೋಜನಾ ಪ್ರದೇಶವೆಂದು ಘೋಷಿಸುತ್ತದೆ. ಆ ಪ್ರದೇಶಕ್ಕೆ ಮಹಾಯೋಜನೆ, ಅಂದರೆ ಮಾಸ್ಟರ್ ಪ್ಲಾನ್ ಸಿದ್ಧಪಡಿಸಲಾಗುತ್ತದೆ. ವಸತಿ, ವಾಣಿಜ್ಯ, ಕೈಗಾರಿಕೆ, ಉದ್ಯಾನ, ರಸ್ತೆ, ಕೃಷಿ ಎಂದು ಪ್ರತಿಯೊಂದು ಜಾಗದ ಉಪಯೋಗವನ್ನು ಅದರಲ್ಲಿ ಗೊತ್ತುಪಡಿಸಲಾಗಿರುತ್ತದೆ.

ಯೋಜನಾ ಅಧಿನಿಯಮದ ಕಲಂ 14ರ ಪ್ರಕಾರ ಇಂತಹ ಪ್ರದೇಶದಲ್ಲಿ ಭೂ ಉಪಯೋಗ, ಅದರ ಬದಲಾವಣೆ ಮತ್ತು ಅಭಿವೃದ್ಧಿ ಕಾಮಗಾರಿಗಳೆಲ್ಲವೂ ಯೋಜನೆಗೆ ಅನುಗುಣವಾಗಿರಬೇಕು. ಯೋಜನಾ ಪ್ರಾಧಿಕಾರದ ಲಿಖಿತ ಅನುಮತಿಯಿಲ್ಲದೆ ಅವುಗಳನ್ನು ಕೈಗೊಳ್ಳುವಂತಿಲ್ಲ. ಕಲಂ 15ರ ಅಡಿಯಲ್ಲಿ ಅರ್ಜಿ ಸಲ್ಲಿಸಿ ಪಡೆಯುವ ಈ ಅನುಮತಿಯನ್ನು ಪ್ರಾರಂಭ ಪ್ರಮಾಣಪತ್ರ ಎಂದು ಕರೆಯಲಾಗುತ್ತದೆ. ಜಮೀನನ್ನು ನಿವೇಶನಗಳಾಗಿ ವಿಭಜಿಸಲು ಅಥವಾ ಬಡಾವಣೆ ರಚಿಸಲು ಕಲಂ 17ರ ಅಡಿಯಲ್ಲಿ ಪ್ರತ್ಯೇಕ ಮಂಜೂರಾತಿ ಬೇಕು.

ಇಲ್ಲಿ “ಅಭಿವೃದ್ಧಿ” ಎಂಬ ಪದಕ್ಕೆ ವಿಶಾಲವಾದ ಅರ್ಥವಿದೆ. ಹೊಸ ಕಟ್ಟಡ ಕಟ್ಟುವುದಷ್ಟೇ ಅಲ್ಲದೆ, ಇರುವ ಕಟ್ಟಡದ ಅಥವಾ ಜಮೀನಿನ ಉಪಯೋಗವನ್ನು ಗಣನೀಯವಾಗಿ ಬದಲಾಯಿಸುವುದು ಮತ್ತು ಜಮೀನನ್ನು ಉಪವಿಭಾಗ ಮಾಡುವುದೂ ಅಭಿವೃದ್ಧಿಯೇ ಆಗಿರುತ್ತದೆ. ಒಂದು ಇಟ್ಟಿಗೆಯನ್ನೂ ಇಡದೆ ಅನುಮತಿಯ ಅಗತ್ಯ ಬೀಳಬಹುದು ಎಂಬುದನ್ನು ಸಾರ್ವಜನಿಕರು ಗಮನಿಸಬೇಕು.

ಒಂದು ಹಳ್ಳಿಯ ಎಲ್ಲ ಸರ್ವೆ ನಂಬರುಗಳ ಸ್ಥಿತಿ ಒಂದೇ ಎಂದು ಊಹಿಸಬಾರದು. ನೆರೆಯವರು ಅನುಮತಿ ಪಡೆಯದೆ ಕಟ್ಟಿದ್ದಾರೆಂಬುದು ಆಧಾರವಾಗಲಾರದು. ತಮ್ಮ ಸರ್ವೆ ನಂಬರು ಯೋಜನಾ ಪ್ರದೇಶದೊಳಗೆ ಬರುವುದೇ, ಬಂದರೆ ಯಾವ ವಲಯದಲ್ಲಿದೆ ಎಂಬುದನ್ನು ಸಂಬಂಧಪಟ್ಟ ಯೋಜನಾ ಪ್ರಾಧಿಕಾರದಲ್ಲಿ ಅಥವಾ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಲಿಖಿತವಾಗಿ ಕೇಳಿ ಪಡೆಯುವುದು ಸೂಕ್ತ. ಮಹಾಯೋಜನೆಗೆ ಅನುಗುಣವಾದ ಉಪಯೋಗಕ್ಕಾಗಿ ಭೂ ಪರಿವರ್ತನೆ ಕೋರುವವರಿಗೆ ಕಲಂ 95ರ ತಿದ್ದುಪಡಿಗಳ ಮೂಲಕ ಪ್ರಕ್ರಿಯೆಯನ್ನು ಸರಳಗೊಳಿಸಲಾಗಿದೆ. ಆದಾಗ್ಯೂ ನಿಗದಿತ ಶುಲ್ಕವನ್ನು ಪಾವತಿಸಬೇಕಾಗುತ್ತದೆ.

ಮೂರನೇ ಪ್ರಶ್ನೆ: ಕಟ್ಟಡ ಪರವಾನಗಿ

ಕೈವಾರ ಹೋಬಳಿಯ ಹಳ್ಳಿಗಳಲ್ಲಿ ಸಾರ್ವಜನಿಕರಿಗೆ ಹೆಚ್ಚಾಗಿ ಅನ್ವಯಿಸುವುದು ಪಂಚಾಯತ್ ರಾಜ್ ಅಧಿನಿಯಮದ ಕಲಂ 64. ಇದರಂತೆ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿಯಿಲ್ಲದೆ ಯಾರೂ ಕಟ್ಟಡವನ್ನು ನಿರ್ಮಿಸುವಂತಿಲ್ಲ, ಇರುವ ಕಟ್ಟಡವನ್ನು ಮಾರ್ಪಡಿಸುವಂತಿಲ್ಲ, ಅದಕ್ಕೆ ಸೇರ್ಪಡೆ ಮಾಡುವಂತಿಲ್ಲ ಅಥವಾ ಮರುನಿರ್ಮಿಸುವಂತಿಲ್ಲ. ಗ್ರಾಮಠಾಣಾದೊಳಗಿನ ಮನೆಗೂ ಇದು ಅನ್ವಯಿಸುತ್ತದೆ. ಹಳೆಯ ನಾಡಹೆಂಚಿನ ಮನೆಯನ್ನು ಕೆಡವಿ ಅದೇ ಪಾಯದ ಮೇಲೆ ತಾರಸಿ ಮನೆ ಕಟ್ಟುವುದು ಮರುನಿರ್ಮಾಣವಾಗುತ್ತದೆ; ಮೊದಲ ಮಹಡಿ ಏರಿಸುವುದು ಸೇರ್ಪಡೆಯಾಗುತ್ತದೆ. ತಗಡಿನ ಶೆಡ್ ಎಂಬ ಒಂದೇ ಕಾರಣಕ್ಕೆ ವಿನಾಯಿತಿ ದೊರೆಯುವುದಿಲ್ಲ.

ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಹಾಗೂ ಚಿಕ್ಕಬಳ್ಳಾಪುರ ಪಟ್ಟಣಗಳ ನಿವಾಸಿಗಳಿಗೆ ಪೌರಸಭೆಗಳ ಅಧಿನಿಯಮದ ಕಲಂ 187 ಅನ್ವಯಿಸುತ್ತದೆ. ಅವರು ಆಯಾ ನಗರಸಭೆಯಿಂದ ಪರವಾನಗಿ ಪಡೆಯತಕ್ಕದ್ದು.

ಇ-ಸ್ವತ್ತು ತಂತ್ರಾಂಶದ ಮೂಲಕ ಪಂಚಾಯಿತಿಗಳು ನೀಡುವ ನಮೂನೆ-9 ಮತ್ತು ನಮೂನೆ-11, ಸ್ವಾಮಿತ್ವ ಯೋಜನೆಯಡಿ ನೀಡಲಾಗುವ ಆಸ್ತಿ ಪತ್ರ, ತೆರಿಗೆ ಪಾವತಿ ರಸೀದಿ ಇವು ಆಸ್ತಿಗೆ ಮತ್ತು ತೆರಿಗೆಗೆ ಸಂಬಂಧಿಸಿದ ದಾಖಲೆಗಳು. ಇವುಗಳಲ್ಲಿ ಯಾವುದೂ ಕಟ್ಟಡ ಪರವಾನಗಿಯಲ್ಲ. ಪಂಚಾಯಿತಿಯು ಒಂದು ಕಟ್ಟಡಕ್ಕೆ ತೆರಿಗೆ ವಿಧಿಸಿದೆ ಎಂದ ಮಾತ್ರಕ್ಕೆ ಆ ಕಟ್ಟಡ ಸಕ್ರಮವಾಗುವುದಿಲ್ಲ.

ಸಾಮಾನ್ಯವಾಗಿ ಅನುಮತಿ ಅಗತ್ಯವಿಲ್ಲದ ಕಾಮಗಾರಿಗಳು

ಸಣ್ಣಪುಟ್ಟ ದುರಸ್ತಿಗಾಗಿ ಕಚೇರಿಗೆ ಅಲೆಯಬೇಕಾಗಿಲ್ಲ. ಯೋಜನಾ ಅಧಿನಿಯಮದ ದೃಷ್ಟಿಯಿಂದ ಕೆಳಕಂಡವುಗಳು ಅಭಿವೃದ್ಧಿಯೆನಿಸುವುದಿಲ್ಲ.

1. ಕಟ್ಟಡದ ಒಳಭಾಗಕ್ಕೆ ಮಾತ್ರ ಸಂಬಂಧಿಸಿದ ಅಥವಾ ಹೊರನೋಟವನ್ನು ಗಣನೀಯವಾಗಿ ಬದಲಿಸದ ನಿರ್ವಹಣೆ ಮತ್ತು ಸುಧಾರಣೆ ಕೆಲಸಗಳು.
2. ವಾಡಿಕೆಯ ಕೃಷಿ ಕಾರ್ಯಗಳ ಅಂಗವಾಗಿ ಮಾಡುವ ಅಗೆತ ಮತ್ತು ಬಾವಿ ತೋಡುವ ಕೆಲಸ.
3. ಕೇವಲ ಕೃಷಿ ಉದ್ದೇಶಕ್ಕಾಗಿ ಜಮೀನಿಗೆ ಹೋಗಲು ಮಾಡಿಕೊಳ್ಳುವ, ಜಲ್ಲಿ ಹಾಕದ ಕಚ್ಚಾ ದಾರಿ.

ಸುಣ್ಣಬಣ್ಣ ಬಳಿಯುವುದು, ಒಡೆದ ಹೆಂಚು ಬದಲಿಸುವುದು, ಗಾರೆ ದುರಸ್ತಿ, ನೆಲಹಾಸು, ಬಾಗಿಲು ಕಿಟಕಿಗಳ ಬದಲಾವಣೆ ಮುಂತಾದವು ಈ ವರ್ಗಕ್ಕೆ ಸೇರುತ್ತವೆ. ಆದರೆ ಭಾರ ಹೊರುವ ಗೋಡೆ ತೆಗೆಯುವುದು, ಕಂಬ ಅಥವಾ ತೊಲೆಗಳನ್ನು ಬದಲಿಸುವುದು, ಛಾವಣಿ ಎತ್ತರಿಸುವುದು, ಜಗುಲಿಯನ್ನು ಮುಚ್ಚಿ ಕೋಣೆಯಾಗಿಸುವುದು ಮಾರ್ಪಾಡು ಅಥವಾ ಸೇರ್ಪಡೆಯಾಗುವುದರಿಂದ ಪರವಾನಗಿ ಪಡೆಯಬೇಕಾಗುತ್ತದೆ. ಹಾಗೆಯೇ ಕೃಷಿಗಾಗಿ ಕೊಳವೆಬಾವಿ ಕೊರೆಸುವವರು ಕರ್ನಾಟಕ ಅಂತರ್ಜಲ ಅಧಿನಿಯಮ, 2011ರ ಅಡಿಯಲ್ಲಿ ಅಧಿಸೂಚಿತ ಪ್ರದೇಶಗಳಲ್ಲಿ ಪ್ರತ್ಯೇಕ ಅನುಮತಿ ಪಡೆಯತಕ್ಕದ್ದು.

ಕೆಲವು ಸಾಮಾನ್ಯ ಸಂದರ್ಭಗಳು

ಮೇಲಿನ ನಿಯಮಗಳು ಪ್ರಾಯೋಗಿಕವಾಗಿ ಹೇಗೆ ಅನ್ವಯಿಸುತ್ತವೆ ಎಂಬುದನ್ನು ಈ ಕೆಳಗಿನ ಸಂದರ್ಭಗಳಿಂದ ತಿಳಿಯಬಹುದು.

ರೇಷ್ಮೆ ಹುಳು ಸಾಕಾಣಿಕೆ ಮನೆ: ರೈತರು ತಮ್ಮ ಜಮೀನಿನಲ್ಲಿ ಬೆಳೆದ ಹಿಪ್ಪುನೇರಳೆ ಸೊಪ್ಪಿನಿಂದ ಹುಳು ಸಾಕಲು ಅದೇ ಜಮೀನಿನಲ್ಲಿ ಕಟ್ಟುವ ಮನೆ ಬೇಸಾಯಕ್ಕೆ ಪೂರಕವಾದುದು. ಇದೇ ಜಮೀನಿನಲ್ಲಿ ಬೇರೆಯವರಿಂದ ಗೂಡು ಖರೀದಿಸಿ ನೂಲು ಬಿಚ್ಚುವ ಘಟಕ ಸ್ಥಾಪಿಸುವುದಾದರೆ ಅದು ಉದ್ಯಮವಾಗುತ್ತದೆ. ಆಗ ಕೃಷಿಯೇತರ ಉಪಯೋಗಕ್ಕೆ ಸಂಬಂಧಿಸಿದ ನಿಯಮಗಳು ಅನ್ವಯಿಸುತ್ತವೆ.

ಟೊಮೆಟೊ ಶೆಡ್: ಸ್ವಂತ ಬೆಳೆಯನ್ನು ಮಾರುಕಟ್ಟೆಗೆ ಒಯ್ಯುವ ಮುನ್ನ ವಿಂಗಡಿಸಲು ಹಾಕಿಕೊಳ್ಳುವ ಶೆಡ್ ಒಂದು ಬಗೆ, ವರ್ತಕರಿಗೆ ಬಾಡಿಗೆಗೆ ಕೊಡಲು ಕಟ್ಟುವ ಗೋದಾಮು ಮತ್ತೊಂದು ಬಗೆ. ನೋಡಲು ಎರಡೂ ಒಂದೇ ರೀತಿ ಇದ್ದರೂ ಉಪಯೋಗವನ್ನು ಆಧರಿಸಿ ಕಾನೂನು ಅವುಗಳನ್ನು ಬೇರೆಯಾಗಿ ಕಾಣುತ್ತದೆ.

ರಸ್ತೆ ಬದಿಯ ಅಂಗಡಿಗಳು: ಕೈವಾರ ಕ್ರಾಸ್‌ನಂತಹ ಕಡೆ ಮುಖ್ಯರಸ್ತೆಗೆ ಹೊಂದಿಕೊಂಡ ಹೊಲದ ಅಂಚಿನಲ್ಲಿ ಸಾಲು ಮಳಿಗೆ ಕಟ್ಟುವುದು ವಾಣಿಜ್ಯ ಉಪಯೋಗ. ಜಮೀನು ಕೃಷಿ ಜಮೀನಾಗಿದ್ದರೆ ಭೂ ಪರಿವರ್ತನೆ ಹಾಗೂ ಕಟ್ಟಡ ಪರವಾನಗಿ ಎರಡೂ ಬೇಕು. ಜೊತೆಗೆ ರಸ್ತೆಯ ಅಂಚಿನಿಂದ ಬಿಡಬೇಕಾದ ಜಾಗದ ಬಗ್ಗೆ ರಸ್ತೆಯನ್ನು ನಿರ್ವಹಿಸುವ ಇಲಾಖೆಯಲ್ಲಿ ವಿಚಾರಿಸಬೇಕು.

ಮನೆಯ ಮುಂಭಾಗದ ಅಂಗಡಿ ಮತ್ತು ಭಕ್ತರ ಕೊಠಡಿಗಳು: ವಾಸದ ಮನೆಯನ್ನು ಅಂಗಡಿಯಾಗಿ, ಹೋಟೆಲಾಗಿ ಅಥವಾ ದಿನದ ಬಾಡಿಗೆಯ ವಸತಿಗೃಹವಾಗಿ ಪರಿವರ್ತಿಸುವುದು ಉಪಯೋಗದ ಬದಲಾವಣೆ. ಯೋಜನಾ ಪ್ರದೇಶದಲ್ಲಿ ಇದಕ್ಕೆ ಪ್ರಾಧಿಕಾರದ ಅನುಮತಿ ಬೇಕು. ವ್ಯಾಪಾರ ನಡೆಸಲು ಸ್ಥಳೀಯ ಸಂಸ್ಥೆಯ ವ್ಯಾಪಾರ ಪರವಾನಗಿಯನ್ನೂ ಪಡೆಯಬೇಕಾಗುತ್ತದೆ. ನೂರಾರು ಜನ ತಂಗುವ ಜಾಗದಲ್ಲಿ ಶೌಚಾಲಯ, ಕೊಳಚೆ ನೀರಿನ ವ್ಯವಸ್ಥೆ, ಬೆಂಕಿ ಅವಘಡದ ವೇಳೆ ಹೊರಬರುವ ದಾರಿ ಇವುಗಳನ್ನು ಮೊದಲೇ ಪರಿಶೀಲಿಸುವುದು ಜನರ ಸುರಕ್ಷತೆಗಾಗಿಯೇ ಇರುವ ಕ್ರಮವಾಗಿದೆ.

ಅಣ್ಣತಮ್ಮಂದಿರ ವಿಭಾಗ: ಪಿತ್ರಾರ್ಜಿತ ಜಮೀನು ವಿಭಾಗವಾದ ಮೇಲೆ ಹಿಡುವಳಿಯ ವಿಸ್ತೀರ್ಣ ಕಡಿಮೆಯಾಗುತ್ತದೆ. ತೋಟದ ಮನೆಯ ಶೇಕಡಾ 10ರ ಲೆಕ್ಕವನ್ನು ಪ್ರತಿಯೊಬ್ಬರ ಹೆಸರಿಗೆ ಬಂದ ಹಿಡುವಳಿಯ ಮೇಲೆ ಮಾಡಿಕೊಳ್ಳುವುದು ಕ್ಷೇಮ.

ಹೆಚ್ಚುವರಿ ನಿರ್ಬಂಧಗಳಿರುವ ಸ್ಥಳಗಳು

ಮೂರು ಪ್ರಶ್ನೆಗಳಿಗೆ ಉತ್ತರ ದೊರೆತ ನಂತರವೂ ಕೆಲವು ಸ್ಥಳಗಳಲ್ಲಿ ಇತರ ಕಾನೂನುಗಳು ಅನ್ವಯಿಸುತ್ತವೆ.

ಕೆರೆ ಮತ್ತು ರಾಜಕಾಲುವೆ: ಚಿಕ್ಕಬಳ್ಳಾಪುರ ಜಿಲ್ಲೆಯ ಬೇಸಾಯ ಬಹುಮಟ್ಟಿಗೆ ಕೆರೆ ಮತ್ತು ಅಂತರ್ಜಲವನ್ನು ನಂಬಿದೆ. ವರ್ಷಗಟ್ಟಲೆ ನೀರು ಕಾಣದ ಕೆರೆಯೂ ದಾಖಲೆಗಳಲ್ಲಿ ಕೆರೆಯೇ ಆಗಿರುತ್ತದೆ. ಕೆರೆಯ ಅಂಗಳದಲ್ಲಿ, ತೂಬಿನ ಕಾಲುವೆ ಅಥವಾ ಹಳ್ಳದ ಪಾತ್ರದಲ್ಲಿ ಕಟ್ಟಡ ಕಟ್ಟಲು ಅವಕಾಶವಿಲ್ಲ. ಅದರ ಗಡಿಯಿಂದ ಬಿಡಬೇಕಾದ ಮೀಸಲು ಅಂತರವನ್ನು ಸ್ಥಳೀಯ ಸಂಸ್ಥೆಯಿಂದ ತಿಳಿದುಕೊಳ್ಳಬೇಕು.

ಅರಣ್ಯದ ಅಂಚು: ಬೆಟ್ಟದ ತಪ್ಪಲಿನ ಜಮೀನುಗಳಲ್ಲಿ ಕಂದಾಯ ಮತ್ತು ಅರಣ್ಯ ಗಡಿಗಳನ್ನು ಅಳತೆಯ ಮೂಲಕ ಖಚಿತಪಡಿಸಿಕೊಳ್ಳುವುದು ಅವಶ್ಯ. ಅರಣ್ಯ ಜಮೀನಿನ ಅರಣ್ಯೇತರ ಬಳಕೆಗೆ 1980ರ ಅರಣ್ಯ ಸಂರಕ್ಷಣಾ ಕಾನೂನಿನಂತೆ ಕೇಂದ್ರ ಸರ್ಕಾರದ ಪೂರ್ವಾನುಮೋದನೆ ಬೇಕಾಗುತ್ತದೆ.

ಸ್ಮಾರಕಗಳ ಆಸುಪಾಸು: ಕೇಂದ್ರ ಸರ್ಕಾರದಿಂದ ಸಂರಕ್ಷಿತವಾದ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶವಾಗಿದೆ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶವಾಗಿದೆ. ಈ ವ್ಯವಸ್ಥೆಯನ್ನು 2010ರ ತಿದ್ದುಪಡಿಯು ಕಾನೂನಿನಲ್ಲಿ ಸೇರಿಸಿತು. ಇದೇ ಜಿಲ್ಲೆಯ ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯ ಇಂತಹ ಸ್ಮಾರಕಗಳಲ್ಲಿ ಒಂದು. ನಿಯಂತ್ರಿತ ಪ್ರದೇಶದಲ್ಲಿ ದುರಸ್ತಿಗೂ ಮುನ್ನ ಸಕ್ಷಮ ಪ್ರಾಧಿಕಾರದ ಅನುಮತಿ ಪಡೆಯಬೇಕಾಗುತ್ತದೆ.

ಮಂಜೂರಾದ ಜಮೀನು: ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿನ ಪರಭಾರೆಗೆ 1978ರ ವಿಶೇಷ ಅಧಿನಿಯಮದಂತೆ ಸರ್ಕಾರದ ಪೂರ್ವಾನುಮತಿ ಅಗತ್ಯ. ಅಂತಹ ಜಮೀನನ್ನು ಅನುಮತಿಯಿಲ್ಲದೆ ಕೊಂಡು ಕಟ್ಟಿದ ಕಟ್ಟಡಕ್ಕೆ ಭದ್ರತೆ ಇರುವುದಿಲ್ಲ.

ನಿವೇಶನ ಕೊಳ್ಳುವ ಮುನ್ನ

ಭೂ ಪರಿವರ್ತನೆಯಾಗದ ಜಮೀನನ್ನು 30 ಅಡಿ ಅಗಲ, 40 ಅಡಿ ಉದ್ದದ ತುಂಡುಗಳಾಗಿ ಮಾಡಿ ಮಾರಲಾಗುವ ನಿವೇಶನಗಳನ್ನು ಜನ ರೆವಿನ್ಯೂ ಸೈಟ್ ಎನ್ನುತ್ತಾರೆ. ಇಂತಹ ನಿವೇಶನದ ವಿಸ್ತೀರ್ಣ 1,200 ಚದರ ಅಡಿ, ಅಂದರೆ ಒಂದು ಗುಂಟೆಗಿಂತ ತುಸು ಹೆಚ್ಚು. ಬೆಲೆ ಕಡಿಮೆಯೆಂಬ ಕಾರಣಕ್ಕೆ ಕೂಲಿಕಾರರು, ಸಣ್ಣ ವ್ಯಾಪಾರಿಗಳು, ನಿವೃತ್ತರು ಇವುಗಳತ್ತ ಆಕರ್ಷಿತರಾಗುತ್ತಾರೆ. ಆದರೆ ಅನುಮೋದಿತ ನಕ್ಷೆಯಿಲ್ಲದ ಬಡಾವಣೆಯಲ್ಲಿ ರಸ್ತೆ, ಚರಂಡಿ, ಉದ್ಯಾನಗಳಿಗೆ ಜಾಗ ಮೀಸಲಿಟ್ಟಿರುವುದಿಲ್ಲ. ಮಾರಾಟಗಾರರು ಹೊರಟುಹೋದ ಮೇಲೆ ಕಟ್ಟಡ ಪರವಾನಗಿ ಸಿಗದೆ, ಬ್ಯಾಂಕ್ ಸಾಲ ದೊರೆಯದೆ ತೊಂದರೆಗೊಳಗಾಗುವವರು ಕೊಂಡವರೇ.

ಆದ್ದರಿಂದ ಮುಂಗಡ ಹಣ ನೀಡುವ ಮೊದಲು ಈ ಕೆಳಗಿನ ದಾಖಲೆಗಳನ್ನು ಪರಿಶೀಲಿಸತಕ್ಕದ್ದು:

1. ಜಿಲ್ಲಾಧಿಕಾರಿಗಳ ಭೂ ಪರಿವರ್ತನೆ ಆದೇಶ ಮತ್ತು ಅದರಲ್ಲಿ ನಮೂದಾದ ಉದ್ದೇಶ. ವಸತಿಗೆ ಪರಿವರ್ತಿಸಿದ ಜಾಗದಲ್ಲಿ ಕೈಗಾರಿಕೆ ನಡೆಸುವಂತಿಲ್ಲ.
2. ಸಕ್ಷಮ ಪ್ರಾಧಿಕಾರ ಅನುಮೋದಿಸಿದ ಬಡಾವಣೆ ನಕ್ಷೆ ಮತ್ತು ಅದರಲ್ಲಿ ತಾವು ಕೊಳ್ಳುವ ನಿವೇಶನದ ಸಂಖ್ಯೆ.
3. ಪಹಣಿ, ಮ್ಯುಟೇಷನ್ ಮತ್ತು ಋಣಭಾರ ಪ್ರಮಾಣಪತ್ರ.
4. ಸ್ಥಳೀಯ ಸಂಸ್ಥೆಯ ಖಾತೆ ಅಥವಾ ನಮೂನೆಗಳು.

ಜಾಗದ ಮೇಲೆ ನಿಂತು ಸರ್ವೆ ನಂಬರನ್ನು ತಿಳಿಯಲು ದಿಶಾಂಕ್ ಮೊಬೈಲ್ ತಂತ್ರಾಂಶವನ್ನು ಬಳಸಬಹುದು. ಇದು ಪ್ರಾಥಮಿಕ ಮಾಹಿತಿಗೆ ಮಾತ್ರ. ಅಧಿಕೃತ ಅಳತೆಗೆ ಪರ್ಯಾಯವಲ್ಲ.

ಅರ್ಜಿ ಸಲ್ಲಿಸುವ ಕ್ರಮ

ಭೂ ಪರಿವರ್ತನೆಗೆ ಅರ್ಜಿಯನ್ನು ಕಂದಾಯ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಲ್ಲಿ ಪ್ರಮಾಣಪತ್ರದೊಂದಿಗೆ ಸಲ್ಲಿಸಬೇಕು. ಒಂದು ಸರ್ವೆ ನಂಬರಿನ ಒಂದು ಭಾಗವನ್ನು ಮಾತ್ರ ಪರಿವರ್ತಿಸುವುದಾದರೆ ಭೂಮಾಪನ ಇಲಾಖೆಯಿಂದ 11-ಇ ನಕ್ಷೆಯನ್ನು ಮೊದಲು ಪಡೆಯಬೇಕಾಗುತ್ತದೆ. ಪರಿವರ್ತನೆಯು ಬೇರಾವುದೇ ಕಾನೂನಿನ ಉದ್ದೇಶವನ್ನು ವಿಫಲಗೊಳಿಸುವಂತಿದ್ದರೆ, ಸಾರ್ವಜನಿಕರಿಗೆ ಉಪದ್ರವಕಾರಿಯಾಗುವಂತಿದ್ದರೆ ಅಥವಾ ಸಾರ್ವಜನಿಕ ಹಿತಕ್ಕೆ ವಿರುದ್ಧವಾಗಿದ್ದರೆ ಜಿಲ್ಲಾಧಿಕಾರಿಗಳು ಅದನ್ನು ನಿರಾಕರಿಸಬಹುದು.

ಗ್ರಾಮ ಪಂಚಾಯಿತಿಯ ಕಟ್ಟಡ ಪರವಾನಗಿಗೆ ಆಸ್ತಿಯ ದಾಖಲೆ, ತೆರಿಗೆ ರಸೀದಿ, ನಿವೇಶನದ ನಕ್ಷೆ ಮತ್ತು ಕಟ್ಟಡದ ನಕ್ಷೆಗಳೊಂದಿಗೆ ಪಂಚಾಯಿತಿ ಕಚೇರಿಯಲ್ಲಿ ಅಥವಾ ಅಲ್ಲಿನ ಬಾಪೂಜಿ ಸೇವಾ ಕೇಂದ್ರದಲ್ಲಿ ಅರ್ಜಿ ಸಲ್ಲಿಸಬೇಕು. ಅರ್ಜಿದಾರರು ಸ್ವೀಕೃತಿ ಪತ್ರವನ್ನು ತಪ್ಪದೆ ಕೇಳಿ ಪಡೆಯತಕ್ಕದ್ದು. ಸಕಾಲ ಅಧಿನಿಯಮ, 2011ರ ವ್ಯಾಪ್ತಿಯ ಸೇವೆಗಳಿಗೆ ಸ್ವೀಕೃತಿಯಲ್ಲಿ ಸಂಖ್ಯೆ ಮತ್ತು ವಿಲೇವಾರಿಯ ಕೊನೆಯ ದಿನಾಂಕ ನಮೂದಾಗಿರುತ್ತದೆ. ವಿಳಂಬವಾದಲ್ಲಿ ದಿನವೊಂದಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿಗಳವರೆಗೆ ಪರಿಹಾರ ವೆಚ್ಚ ಕೋರಲು ಅವಕಾಶವಿದೆ.

ನಿಗದಿತ ಅವಧಿಯಲ್ಲಿ ಉತ್ತರ ಬಾರದಿದ್ದರೆ ಅನುಮತಿ ದೊರೆತಂತೆ ಎಂಬ ಮಾತು ಪ್ರಚಲಿತದಲ್ಲಿದೆ. ಕಾನೂನಿನಲ್ಲಿ ಅಂತಹ ಉಪಬಂಧಗಳಿದ್ದರೂ ನಿಯಮಗಳಿಗೆ ವಿರುದ್ಧವಾಗಿ ಕಟ್ಟಲು ಅವು ರಕ್ಷಣೆ ನೀಡುವುದಿಲ್ಲ. ಅರ್ಜಿ ಸಲ್ಲಿಸಿದ ದಿನವೇ ಪಾಯ ಅಗೆಯಲು ಆರಂಭಿಸುವುದು ಸರಿಯಲ್ಲ. ಅನುಮತಿಯು ಲಿಖಿತವಾಗಿರಬೇಕು, ಸದಸ್ಯರ ಅಥವಾ ಸಿಬ್ಬಂದಿಯ ಮೌಖಿಕ ಒಪ್ಪಿಗೆಗೆ ಕಾನೂನಿನ ಮಾನ್ಯತೆ ಇರುವುದಿಲ್ಲ.

ಅನುಮತಿಯಿಲ್ಲದೆ ಕಟ್ಟಿದರೆ

ಭೂ ಪರಿವರ್ತನೆಯಿಲ್ಲದೆ ಕೃಷಿ ಜಮೀನನ್ನು ಬಳಸಿದವರ ವಿರುದ್ಧ ಭೂ ಕಂದಾಯ ಅಧಿನಿಯಮದ ಕಲಂ 96ರಂತೆ ಕ್ರಮ ಜರುಗಿಸಲು ಅವಕಾಶವಿದೆ. ದಂಡ ವಿಧಿಸಿ ಮುಂದುವರಿಯಲು ಬಿಡುವ ಅವಕಾಶ ಇದೆಯಾದರೂ ಅದು ಅಧಿಕಾರಿಗಳ ವಿವೇಚನೆಗೆ ಬಿಟ್ಟದ್ದು, ಅರ್ಜಿದಾರರ ಹಕ್ಕಲ್ಲ. ಪಂಚಾಯಿತಿಯು ಕಾಮಗಾರಿಯನ್ನು ನಿಲ್ಲಿಸುವಂತೆ ಹಾಗೂ ಕಟ್ಟಡವನ್ನು ಮಾರ್ಪಡಿಸುವಂತೆ ಅಥವಾ ತೆರವುಗೊಳಿಸುವಂತೆ ಲಿಖಿತ ನೋಟಿಸು ನೀಡಬಹುದು.

ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರ್ 17ರ ತೀರ್ಪಿನಲ್ಲಿ, ಕಟ್ಟಡ ಪೂರ್ಣಗೊಂಡ ಬಗ್ಗೆ ಅಥವಾ ವಾಸಯೋಗ್ಯವೆಂಬ ಬಗ್ಗೆ ಪ್ರಮಾಣಪತ್ರ ಹಾಜರುಪಡಿಸಿದ ನಂತರವೇ ವಿದ್ಯುತ್, ನೀರು ಮತ್ತು ಒಳಚರಂಡಿ ಸಂಪರ್ಕ ನೀಡಬೇಕೆಂದೂ, ಬ್ಯಾಂಕುಗಳು ಆ ಪ್ರಮಾಣಪತ್ರವನ್ನು ಪರಿಶೀಲಿಸಿಯೇ ಕಟ್ಟಡದ ಭದ್ರತೆಯ ಮೇಲೆ ಸಾಲ ನೀಡಬೇಕೆಂದೂ ನಿರ್ದೇಶಿಸಿತು. ನಿರ್ಮಾಣದ ಅವಧಿಯಲ್ಲಿ ಅನುಮೋದಿತ ನಕ್ಷೆಯನ್ನು ಸ್ಥಳದಲ್ಲಿ ಪ್ರದರ್ಶಿಸಬೇಕೆಂಬುದೂ ಅದರಲ್ಲಿ ಸೇರಿದೆ. ವಿದ್ಯುತ್ ಸಂಪರ್ಕಕ್ಕೆ ಸದ್ಯ ಬೇಕಾಗುವ ದಾಖಲೆಗಳು ಹಾಗೂ ವಿನಾಯಿತಿಗಳನ್ನು ಬೆಸ್ಕಾಂ ಉಪವಿಭಾಗ ಕಚೇರಿಯಲ್ಲಿ ಮೊದಲೇ ತಿಳಿದುಕೊಳ್ಳುವುದು ಒಳಿತು.

ಮುಂದೆ ಸಕ್ರಮವಾಗುತ್ತದೆಂಬ ನಿರೀಕ್ಷೆಯಲ್ಲಿ ಕಟ್ಟುವುದು ಸಲ್ಲದು. ಯೋಜನಾ ಅಧಿನಿಯಮದ ಅಡಿಯ ಅಕ್ರಮ-ಸಕ್ರಮ ಯೋಜನೆಗೆ ಸರ್ವೋಚ್ಚ ನ್ಯಾಯಾಲಯವು 2017ರ ಜನವರಿಯಲ್ಲಿ ತಡೆಯಾಜ್ಞೆ ನೀಡಿತು. ಸರ್ಕಾರಿ ಜಾಗದಲ್ಲಿನ ವಾಸದ ಮನೆಗಳಿಗೆ ಸಂಬಂಧಿಸಿದ ಕಲಂ 94-ಸಿ ಕೂಡ ನಿಗದಿತ ದಿನಾಂಕಕ್ಕೆ ಮೊದಲು ಕಟ್ಟಿದ ಮನೆಗಳಿಗೆ ಮಾತ್ರ ಅನ್ವಯಿಸುತ್ತದೆ, ಹೊಸ ನಿರ್ಮಾಣಗಳಿಗಲ್ಲ.

ನೋಟಿಸು ಪಡೆದವರಿಗೂ ಹಕ್ಕುಗಳಿವೆ. 2024ರ ನವೆಂಬರ್ 13ರ ತೀರ್ಪಿನಂತೆ ಕಟ್ಟಡ ತೆರವಿಗೆ ಮುನ್ನ ಕಾರಣ ಕೇಳುವ ನೋಟಿಸು ನೀಡಿ, ಉತ್ತರಿಸಲು ಸ್ಥಳೀಯ ಕಾನೂನಿನಲ್ಲಿ ಹೇಳಿದ ಅವಧಿ ಅಥವಾ 15 ದಿನ, ಇವುಗಳಲ್ಲಿ ಯಾವುದು ಹೆಚ್ಚೋ ಅಷ್ಟು ಕಾಲಾವಕಾಶ ಕೊಡಬೇಕು. ರಸ್ತೆ, ಪಾದಚಾರಿ ಮಾರ್ಗ, ಜಲಮೂಲ ಮುಂತಾದ ಸಾರ್ವಜನಿಕ ಜಾಗಗಳ ಒತ್ತುವರಿಗೆ ಹಾಗೂ ನ್ಯಾಯಾಲಯವೇ ತೆರವಿಗೆ ಆದೇಶಿಸಿದ ಪ್ರಕರಣಗಳಿಗೆ ಈ ರಕ್ಷಣೆ ಅನ್ವಯಿಸುವುದಿಲ್ಲ. ನೋಟಿಸನ್ನು ಸ್ವೀಕರಿಸಲು ನಿರಾಕರಿಸದೆ, ಅವಧಿಯೊಳಗೆ ದಾಖಲೆಗಳೊಂದಿಗೆ ಲಿಖಿತ ಉತ್ತರ ನೀಡಬೇಕು.

ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಭೂ ಪರಿವರ್ತನೆ ಆದೇಶವಿದೆ. ಕಟ್ಟಡ ಆರಂಭಿಸಬಹುದೇ?
ಉತ್ತರ: ಇಲ್ಲ. ಕಟ್ಟಡ ಪರವಾನಗಿಯನ್ನೂ, ಯೋಜನಾ ಪ್ರದೇಶವಾಗಿದ್ದರೆ ಯೋಜನಾ ಪ್ರಾಧಿಕಾರದ ಅನುಮತಿಯನ್ನೂ ಪಡೆಯಬೇಕು.

ಪ್ರಶ್ನೆ: ಪರವಾನಗಿ ಒಂದು ಅಂತಸ್ತಿಗೆ ಇದೆ. ಮತ್ತೊಂದು ಅಂತಸ್ತು ಸೇರಿಸಬಹುದೇ?
ಉತ್ತರ: ಹೊಸದಾಗಿ ಅನುಮತಿ ಪಡೆಯಬೇಕು. ಅನುಮೋದಿತ ನಕ್ಷೆಯನ್ನು ಮೀರಿದ ಭಾಗ ಅನಧಿಕೃತವೆನಿಸುತ್ತದೆ.

ಪ್ರಶ್ನೆ: ಹೊಲದಲ್ಲಿ ಕಾವಲುಗಾರರಿಗಾಗಿ ಸಣ್ಣ ಕೋಣೆ ಕಟ್ಟಲು ಕನ್ವರ್ಷನ್ ಬೇಕೇ?
ಉತ್ತರ: ಬೇಸಾಯದ ಅನುಕೂಲಕ್ಕಾಗಿ, ಮಿತಿಯೊಳಗೆ ಕಟ್ಟುವುದಾದರೆ ಬೇಕಾಗಿಲ್ಲ. ಪರವಾನಗಿಯ ಬಗ್ಗೆ ಪಂಚಾಯಿತಿಯಲ್ಲಿ ವಿಚಾರಿಸಬೇಕು.

ಪ್ರಶ್ನೆ: ಅರ್ಜಿ ತಿರಸ್ಕೃತವಾದರೆ ಏನು ಮಾಡಬೇಕು?
ಉತ್ತರ: ತಿರಸ್ಕಾರದ ಕಾರಣಗಳನ್ನು ಲಿಖಿತವಾಗಿ ಪಡೆದು, ಕೊರತೆಗಳನ್ನು ಸರಿಪಡಿಸಿ ಮತ್ತೆ ಅರ್ಜಿ ಸಲ್ಲಿಸಬಹುದು, ಇಲ್ಲವೇ ಸಂಬಂಧಿತ ಕಾನೂನಿನಂತೆ ಕಾಲಮಿತಿಯೊಳಗೆ ಮೇಲ್ಮನವಿ ಸಲ್ಲಿಸಬಹುದು.

ಹೆಚ್ಚಿನ ಮಾಹಿತಿಗಾಗಿ

ಜಮೀನಿನ ದಾಖಲೆಗಳಿಗೆ ಗ್ರಾಮ ಆಡಳಿತಾಧಿಕಾರಿಗಳನ್ನು ಹಾಗೂ ಹೋಬಳಿಯ ನಾಡಕಚೇರಿಯನ್ನು, ಭೂ ಪರಿವರ್ತನೆಗೆ ಚಿಂತಾಮಣಿ ತಾಲ್ಲೂಕು ಕಚೇರಿ ಮತ್ತು ಚಿಕ್ಕಬಳ್ಳಾಪುರದ ಜಿಲ್ಲಾಧಿಕಾರಿಗಳ ಕಚೇರಿಯನ್ನು, ಕಟ್ಟಡ ಪರವಾನಗಿಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳನ್ನು ಅಥವಾ ನಗರಸಭೆಯನ್ನು ಸಂಪರ್ಕಿಸಬಹುದು. ಶುಲ್ಕ, ನಮೂನೆ ಮತ್ತು ಕಾಲಮಿತಿಗಳು ಆಗಾಗ ಪರಿಷ್ಕರಣೆಗೊಳ್ಳುವುದರಿಂದ ಅರ್ಜಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ನಿಯಮಗಳನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಈ ಲೇಖನವು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ವ್ಯತ್ಯಾಸ ಕಂಡುಬಂದಲ್ಲಿ ಅಧಿನಿಯಮ ಮತ್ತು ನಿಯಮಗಳ ಪಠ್ಯವೇ ಅಂತಿಮವಾಗಿರುತ್ತದೆ.